ಹಬ್ಬದ ಬೆಳಿಗ್ಗೆ ತಲೆಯ ಮೇಲೆ ತಣ್ಣೀರು

ಮೂರು ವರ್ಷಗಳ ಹಿಂದಿನ ಸಂಕ್ರಾಂತಿ. ಯಜಮಾನರಿಗೆ ಅಹಮದಾಬಾದಿಗೆ ವರ್ಗವಾಗಿ, ನಾವು ಚಾಂದ್‌ಖೇಡಾದಲ್ಲಿ ಮನೆ ಮಾಡಿ ವರ್ಷ ದಾಟಿತ್ತು. ಹಬ್ಬಕ್ಕೆಂದು ಧಾರವಾಡದಿಂದ ಅತ್ತೆ ಬಂದಿದ್ದರು. ಅವರು ಬಂದ ವಾರದಲ್ಲೇ ಹುಬ್ಬಳ್ಳಿಯಲ್ಲಿ ಅವರ ತಮ್ಮ, ನಮ್ಮ ವಸಂತ ಮಾಮಾ, ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದರು. ಆಕ್ಸಿಜನ್ ಹಚ್ಚಿದ್ದಾರೆ ಅಂತ ಸುದ್ದಿ. ಇರುವವನು ಒಬ್ಬನೇ ತಮ್ಮ. ಅತ್ತೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಾಮಾನ ಮಗ ಫೋನ್ ಮಾಡುತ್ತಿದ್ದುದು ನಮ್ಮ ಯಜಮಾನರಿಗೆ. ಅವರ ಮೊಬೈಲ್ ಸದ್ದಾದರೆ ಸಾಕು, ಅತ್ತೆ ಕೈಲಿದ್ದ ಕೆಲಸ ಬಿಟ್ಟು ಮಗನ ಮುಖವನ್ನೇ ನೋಡುತ್ತಿದ್ದರು. ಹಬ್ಬದ ಮರುದಿನದ ರೈಲಿಗೆ ಟಿಕೆಟ್ ಮಾಡಿಸಿದ್ದೆವು.

ಅತ್ತೆಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಈ ಊರಿಗೆ ಬಂದಾಗಿನಿಂದ ಯಜಮಾನರಿಗೆ ನಿದ್ದೆ ಸರಿಯಿರಲಿಲ್ಲ. ಕಾರಣವಿಲ್ಲದೆ ಎದೆ ಡವಡವ ಅನ್ನುವುದು, ಮೈ ಬೆವರುವುದು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಹೃದಯ ಗಟ್ಟಿಯಾಗಿದೆ, ಇದು ಮನಸ್ಸಿನ ಆತಂಕ ಎಂದಿದ್ದರು. ಆಫೀಸಿನ ಗೆಳೆಯರೊಬ್ಬರು, ಬೆಳಿಗ್ಗೆ ತಣ್ಣೀರು ಸುರಿದುಕೊಂಡು ನೋಡಿ, ತಲೆ ಹಗುರಾಗುತ್ತದೆ ಎಂದರು. ಇವರು ಡಾಕ್ಟರನ್ನು ಕೇಳಿ, ಸ್ವಲ್ಪ ಸ್ವಲ್ಪವಾಗಿ ಮಾಡಿ ಎಂದು ಅನ್ನಿಸಿಕೊಂಡೇ ಶುರು ಮಾಡಿದರು. ನನಗೆ ನಗು. ಮೇ ತಿಂಗಳಲ್ಲೂ ಗೀಸರ್ ಹಾಕು ಅನ್ನುವ ಆಸಾಮಿ ಇವರು.

ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗವಿದೆ. ಚಳಿಗಾಲದಲ್ಲಿ ಅಲ್ಲಿನ ನಲ್ಲಿಯ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಹಿಂದಿನ ಮನೆಯವರಿಗೆ ಕಾಣುವ ಜಾಗವಾದ್ದರಿಂದ ಇವರು ಬನಿಯನ್, ಲುಂಗಿಯಲ್ಲೇ ಕೂತು ತಲೆಯ ಮೇಲೆ ಚೆಂಬು ಚೆಂಬು ಸುರಿದುಕೊಳ್ಳುತ್ತಿದ್ದರು. “ಅವ್ವಗ ಹೇಳಬ್ಯಾಡ. ಮಾಮಾನ ಚಿಂತೀನ ಸಾಕಾಗೇದ ಆಕಿಗೆ” ಎಂದು ನನಗೆ ತಾಕೀತು ಮಾಡಿದ್ದರು. ಅತ್ತೆ ಏಳುವ ಮೊದಲೇ ಎಲ್ಲ ಮುಗಿಸಿಬಿಡುತ್ತಿದ್ದರು.

ಸಂಕ್ರಾಂತಿಯ ದಿನ ಅತ್ತೆ ಬೇಗ ಎದ್ದರು. ನಾನು ಮೈಗೆ ಹಚ್ಚಿಕೊಳ್ಳಲು ಎಳ್ಳು ಅರೆಯುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಯಜಮಾನರು ಒಳಗೆ ಬಂದರು. ತಲೆಯಿಂದ ನೀರು ಸುರಿಯುತ್ತಿದೆ, ಉಟ್ಟ ಬಟ್ಟೆ ಮೈಗೆ ಅಂಟಿದೆ. ಎದುರಿಗೇ ಅವ್ವ. ಸಿಕ್ಕಿಬಿದ್ದೆನಲ್ಲ ಎಂದು ಇವರು ತಲೆ ತಗ್ಗಿಸಿ, ಒಂದೂ ಮಾತಾಡದೆ ಕೋಣೆಗೆ ಹೋಗಿಬಿಟ್ಟರು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತರು. ಆಮೇಲೆ ತಾವೇ ಹಿಂದೆ ಹೋಗಿ, ಉಟ್ಟ ಸೀರೆಯಲ್ಲೇ ಕೂತು, ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳತೊಡಗಿದರು.

ನನಗೆ ತಲೆಬುಡ ಅರ್ಥವಾಗಲಿಲ್ಲ. “ಅತ್ತಿ, ಬಿಸಿನೀರು ಕಾಯಾಕತ್ತಾವ, ಏನ ಮಾಡಾಕತ್ತೀರಿ” ಎಂದು ಓಡಿದೆ. ಬೇಡ ಎಂದು ಕೈ ಆಡಿಸಿದರು. ನಡುಗುತ್ತಿದ್ದವರನ್ನು ಒಳಗೆ ತಂದು, ಸೀರೆ ಬದಲಿಸಿ, ಕಂಬಳಿ ಹೊದಿಸಿ ಕೂರಿಸಿದೆ. ಕೋಣೆಗೆ ಹೋಗಿ ಹೇಳಿದರೆ ಇವರ ಮುಖ ಅರಳಿತು. “ಅವ್ವನೂ ಶುರು ಮಾಡಿದಳೇನು? ಮೊಬೈಲಿನ್ಯಾಗ ನೋಡಿರಬೇಕು” ಎಂದರು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನನಗೆ ತಾಯಿ ಮಗ ಇಬ್ಬರ ಮೇಲೂ ಸಿಟ್ಟು ಬಂತು.

ಅತ್ತೆ ದೇವರಿಗೆ ದೀಪ ಹಚ್ಚಲಿಲ್ಲ. ಎಳ್ಳು ಹಚ್ಚಿಸಿಕೊಳ್ಳಲಿಲ್ಲ. ಚಹಾ ಹಾಗೇ ಆರಿತು. “ಈ ಸಲ ಹಬ್ಬ ಬ್ಯಾಡ ಸುಮಾ” ಎಂದಷ್ಟೇ ಹೇಳಿ ಗೋಡೆಗೆ ಒರಗಿದರು. ಪಕ್ಕದ ಮನೆಯ ಕೋಕಿಲಾಬೆನ್ ಚಿಕ್ಕಿಯ ತಟ್ಟೆ ಹಿಡಿದು, “ಲೋ ಬಾ, ಉತ್ತರಾಯಣ್ ಛೇ” ಎಂದು, ತಗೊಳ್ಳಿ ಅಮ್ಮ, ಇವತ್ತು ಸಂಕ್ರಾಂತಿ ಎಂದು ಗುಜರಾತಿಯಲ್ಲಿ ಹೇಳುತ್ತ ಬಂದರು. ಅತ್ತೆ ಕೈ ಮುಗಿದರೇ ಹೊರತು ಮುಟ್ಟಲಿಲ್ಲ. ಆಕೆ ನನ್ನ ಮುಖ ನೋಡಿದರು, ನಾನು ಆಕೆಯ ಮುಖ ನೋಡಿದೆ. ಊರಿಡೀ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಿತ್ತು.

ಕೊನೆಗೆ ಯಜಮಾನರು ತಾಯಿಯ ಹತ್ತಿರ ಹೋಗಿ ಕೂತರು.

“ನನಗ ಹೇಳಬೇಕಾಗಿತ್ತಪಾ ನೀ” ಎಂದರು ಅತ್ತೆ.

“ಗಾಬರಿ ಆಗ್ತೀ ಅಂತ ಹೇಳಲಿಲ್ಲವ್ವಾ.”

“ಗಾಬರಿ ಆಗಿ ಏನ ಮಾಡೋದದ ಈಗ. ನಾಳೆ ಗಾಡಿ ಹಿಡದು ಹೋದ್ರ ಅವನ ಮುಖನಾದ್ರೂ ಸಿಗತದೇನು ನನಗ? ಅಲ್ಲೀತನಕ ಇಡ್ತಾರೇನು?”

ಆಗ ನನಗೆ ಹೊಳೆಯಿತು. ನಮ್ಮ ಕಡೆ ಸಾವಿನ ಸುದ್ದಿ ಬಂದರೆ ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ತಣ್ಣೀರು ಹಾಕಿಕೊಳ್ಳುತ್ತಾರೆ. ಒದ್ದೆ ಬಟ್ಟೆಯಲ್ಲಿ, ತಲೆ ತಗ್ಗಿಸಿ ಬಂದ ಮಗನನ್ನು ನೋಡಿ ಅತ್ತೆ, ತಮ್ಮ ಹೋದ ಎಂದುಕೊಂಡಿದ್ದರು. ಹಬ್ಬದ ದಿನ ಬಾಯಿಬಿಟ್ಟು ಹೇಳಲಾರದೆ ಮಗ ಮುಚ್ಚಿಡುತ್ತಿದ್ದಾನೆ ಎಂದು, ಬೆಳಗಿನಿಂದ ಒಬ್ಬರೇ ಸೂತಕ ಹಿಡಿದು ಕೂತಿದ್ದರು.

ಇವರು ತಡವರಿಸುತ್ತ ಹುಬ್ಬಳ್ಳಿಗೆ ಫೋನ್ ಹಚ್ಚಿದರು. ರಿಂಗಾಗುತ್ತಿದ್ದಷ್ಟು ಹೊತ್ತು ನನಗೇ ಭಯ, ನಿಜವಾಗಿಯೂ ಏನಾದರೂ ಆಗಿದ್ದರೆ ಏನು ಗತಿ ಎಂದು. ಮಾಮಾನ ಮಗ ಎತ್ತಿ, ಅಪ್ಪನ ಕಿವಿಗೆ ಹಿಡಿದ. ಸಣ್ಣ ದನಿ ಕೇಳಿಸಿತು. “ಅಕ್ಕಾ, ಎಳ್ಳು ಬೆಲ್ಲ ತಿಂದೇನ?”

ಅತ್ತೆ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಸುಡಗಾಡ ನನ್ನ ಮಗನ, ಚಂದಂಗಿ ಉಸರಾಡು ಮೊದಲ” ಎಂದು ಬೈದು ಗೊಳೋ ಎಂದು ಅತ್ತರು. ನನಗೂ ಅಳು ಬಂತು.

ಫೋನ್ ಇಟ್ಟ ಮೇಲೆ ಕಣ್ಣು ಒರೆಸಿಕೊಂಡು ಮಗನ ಕಡೆ ತಿರುಗಿದರು. “ಹಂಗಾದ್ರ ಯಾರ ಸಲುವಾಗಿ ನೀರು ಹಾಕ್ಕೊಂಡಿ ನೀ?”

ಯಜಮಾನರು ನೆಲ ನೋಡುತ್ತ, “ನನ್ನ ಸಲುವಾಗೇ ಅವ್ವಾ. ನಿದ್ದಿ ಬರವಲ್ದು. ಯಾಕೋ ಅಂಜಿಕಿ ಬರತದ” ಎಂದರು. ಮನೆಯವರಲ್ಲಿ ನನ್ನೊಬ್ಬಳಿಗೆ ಬಿಟ್ಟು ಬೇರೆ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ. ಅತ್ತೆ ಅರೆದಿಟ್ಟ ಎಳ್ಳನ್ನು ತರಿಸಿ, ನಾಲ್ವತ್ತು ದಾಟಿದ ಮಗನ ಬೆನ್ನಿಗೆ ತಾವೇ ತಿಕ್ಕಿದರು. ಅವತ್ತು ಮಧ್ಯಾಹ್ನ ಊಟವಾದ ಮೇಲೆ, ಮಾಳಿಗೆಗಳ ಮೇಲಿನ ಅಷ್ಟು ಗದ್ದಲದ ನಡುವೆಯೂ ಇವರು ಸಂಜೆಯತನಕ ಮಲಗಿದರು.

ಮಾಮಾ ಗುಣವಾಗಿ ಮನೆಗೆ ಬಂದರು. ಇವರ ತಣ್ಣೀರು ಇನ್ನೂ ನಡೆದಿದೆ, ನಿದ್ದೆಯೂ ಬರುತ್ತಿದೆ. ಅದು ನೀರಿನಿಂದ ಬಂತೋ, ತಾಯಿಯ ಮುಂದೆ ಬಾಯಿಬಿಟ್ಟಿದ್ದರಿಂದ ಬಂತೋ, ನನಗೆ ಇವತ್ತಿಗೂ ಗೊಂದಲ. ಇವರನ್ನು ಕೇಳಿದರೆ ಇವರಿಗೂ ಗೊತ್ತಿಲ್ಲ. ಅತ್ತೆಯನ್ನು ಕೇಳಿದೆ. “ಮೊದಲನೇ ಚೆಂಬು ಬಿದ್ದಾಗ ಉಸರ ನಿಂತಂಗಾತು ನೋಡು. ಆಗ ತಮ್ಮನೂ ಇಲ್ಲ, ಸಾವೂ ಇಲ್ಲ, ತಲಿ ಖಾಲಿ ಆಗಿತ್ತು. ಅದಕ್ಕ ಹಿರ್‍ಯಾರು ಆ ಪದ್ಧತಿ ಇಟ್ಟಾರೋ ಏನೋ, ಯಾರಿಗೆ ಗೊತ್ತು” ಎಂದರು.

ಈಗ ಅತ್ತೆ ನಮ್ಮಲ್ಲಿಗೆ ಬಂದಾಗ ಯಜಮಾನರು ಚೆಂಬು ಎತ್ತುವ ಮೊದಲು ಹಿತ್ತಲಿನಿಂದ ಗಟ್ಟಿಯಾಗಿ ಕೂಗುತ್ತಾರೆ. “ಅವ್ವಾ, ಎಲ್ಲಾರೂ ಆರಾಮ ಇದ್ದಾರ.”

ಒಳಗಿನಿಂದ ಅತ್ತೆ ಕೇಳುತ್ತಾರೆ, “ನೀ?”

ಇವರು ಒಂದು ಚೆಂಬು ಸುರಿದುಕೊಂಡ ಮೇಲೆ ಉತ್ತರ ಕೊಡುತ್ತಾರೆ. ಅಲ್ಲಿಯವರೆಗೆ ನಾನೂ ಒಲೆಯ ಮುಂದೆ ಕೈಯಾಡಿಸದೆ ನಿಂತಿರುತ್ತೇನೆ.