ನಾಲಿಗೆ ಕಾಯುವ ಕೆಲಸ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಕಾಫಿಯ ರುಚಿ ನೋಡುತ್ತೇನೆ. ಚಮಚದಿಂದ ಸೊರ್ರನೆ ಹೀರಿ, ಬಾಯಿತುಂಬ ಆಡಿಸಿ, ಉಗಿದು, ಅಂಕ ಹಾಕುವುದು. ಮೊದಲ ಸಲ ಇದನ್ನು ಹೇಳಿದಾಗ ಅವ್ವ ಎಲೆಅಡಿಕೆ ಚೀಲ ಬಿಚ್ಚುತ್ತಾ ನಕ್ಕಿದ್ದಳು.

"ಉಗಿಯಾಕೆ ಸಂಬ್ಳ ಕೊಡ್ತಾರಾ? ನಾನು ಮದ್ವೆಯಾದಾಗ್ಲಿಂದ ಉಗೀತಿವ್ನಿ, ಒಬ್ರೂ ಕಾಸು ಕೊಡ್ನಿಲ್ವಲ್ಲೇ."

ಅರಕಲಗೂಡಿನ ಕಡೆಯ ಬಹಳ ಹೆಂಗಸರಂತೆ ಅವಳೂ ಎಲೆಅಡಿಕೆಯ ಜೊತೆ ಹೊಗೆಸೊಪ್ಪಿನ ಕಡ್ಡಿಪುಡಿ ಅಗಿಯುತ್ತಿದ್ದಳು.

ನನ್ನ ಕೆಲಸದಲ್ಲಿ ಮೇಲೇರಬೇಕಾದರೆ ಬೆಂಗಳೂರಿನಲ್ಲಿ ಒಂದು ಪರೀಕ್ಷೆ ಪಾಸಾಗಬೇಕು. ಮೂರು ಬಟ್ಟಲುಗಳಲ್ಲಿ ಎರಡು ಒಂದೇ ಕಾಫಿ, ಒಂದು ಬೇರೆ. ಬಣ್ಣ ಕಾಣದಂತೆ ಕೆಂಪು ದೀಪ ಹಾಕಿರುತ್ತಾರೆ. ಆ ಬೆಳಕಿನಲ್ಲಿ ಬೇರೆಯದನ್ನು ನಾಲಿಗೆಯಿಂದಲೇ ಹಿಡಿಯಬೇಕು. ಪಾಸಾಗದವರ ಅಂಕಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕಾಗಿ ತಿಂಗಳುಗಟ್ಟಲೆ ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪಿನಕಾಯಿ ಬಿಟ್ಟೆ. ಮೂಗಿಗೆ ಅಡ್ಡಿಯೆಂದು ಹೂ ಮುಡಿಯುವುದನ್ನೂ ಬಿಟ್ಟೆ. ಮದುವೆಮನೆಗಳಲ್ಲಿ ಮೊಸರನ್ನ ಉಂಡು ಎದ್ದುಬಂದೆ. ಹೊಳೆನರಸೀಪುರದ ಒಂದು ಸಂಬಂಧ "ಉಣ್ಣಾಕೆ ಕೂತ್ರೆ ಮೂಸ್ ನೋಡ್ತಾಳಂತೆ" ಎಂಬ ಮಾತಿಗೆ ಮುರಿದುಬಿತ್ತು. ಅದು ನನಗೆ ನಷ್ಟವೆನಿಸಲಿಲ್ಲ.

ಆಮೇಲೆ ಅವ್ವನ ಕೆನ್ನೆಯೊಳಗೆ ಕ್ಯಾನ್ಸರ್ ಹುಣ್ಣಾಯಿತು. ಊರವರ ಮಾತಿನಲ್ಲಿ ಹೇಳುವುದಾದರೆ, ಕರೆಂಟು ಕೊಡಿಸಿದೆವು. ರೇಡಿಯೇಷನ್ ಮುಗಿಯುವ ಹೊತ್ತಿಗೆ ಅವಳ ನಾಲಿಗೆಯಲ್ಲಿ ರುಚಿ ಉಳಿದಿರಲಿಲ್ಲ. ಗಂಜಿಯೂ ಮಣ್ಣು, ಹಾಲೂ ಮಣ್ಣು ಎನ್ನುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಚಿಕ್ಕವ್ವ ಬಂದು ನಮ್ಮ ಜೊತೆಗೇ ಉಳಿದಳು.

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಅವ್ವ ಹೇಳಿ ಚಿಕ್ಕವ್ವನಿಂದ ಉಪ್ಸಾರು ಮಾಡಿಸಿದಳು. ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಖಾರವನ್ನು ಮುದ್ದೆಯ ಪಕ್ಕ ಇಡಿಸಿ ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು.

"ನಂಗಂತೂ ಗೊತ್ತಾಗಕಿಲ್ಲ. ನೀನು ಉಂಡು ಎಂಗದೆ ಅಂತ ಏಳು. ನಿನ್ ಕೆಲ್ಸನೇ ಅದಲ್ವಾ?"

"ನಾಳೆ ಪರೀಕ್ಷೆ ಕಣವ್ವ. ಮುಗಿಸ್ಕೊಂಡು ಬಂದು ಉಣ್ತೀನಿ."

"ಒಂದು ತುತ್ತಿಗೆ ನಾಲ್ಗೆ ಸವ್ದೋಯ್ತದಾ?" ಎಂದಳು ಚಿಕ್ಕವ್ವ. "ತ್ವಾಟದ ಸಾವ್ಕಾರ್ರಿಗೆಲ್ಲಾ ಏಳ್ತೀಯ, ಎತ್ತೋಳ್ಗೆ ಏಳಕಾಗಕಿಲ್ವಾ?"

ಉಂಡೆ. ಮುದ್ದೆ ಮುಗಿಯುವವರೆಗೂ ಉಂಡೆ. ಒಂದೊಂದು ತುತ್ತಿಗೂ ಹೇಳುತ್ತಾ ಹೋದೆ: ಮೊದಲು ಉಪ್ಪು, ಅದರ ಹಿಂದೆಯೇ ಸುಟ್ಟ ಮೆಣಸಿನಕಾಯಿಯ ಹೊಗೆ, ಬೆಳ್ಳುಳ್ಳಿ ಇನ್ನೂ ಹಸಿ, ಕೊನೆಗೆ ಸೊಪ್ಪಿನ ಸಣ್ಣ ಸಿಹಿ. ಅವ್ವ ಕಣ್ಣು ಮುಚ್ಚಿ ಕೇಳಿದಳು. ಅವಳ ಗಂಟಲು ನುಂಗುವಂತೆ ಆಡುತ್ತಿತ್ತು.

ಸಂಜೆಯ ಬಸ್ಸು ಚನ್ನರಾಯಪಟ್ಟಣ ದಾಟಿದರೂ ಬೆಳ್ಳುಳ್ಳಿ ಬಾಯಲ್ಲೇ ಇತ್ತು. ಮರುದಿನ ಮೂರು ಬಟ್ಟಲೂ ಒಂದೇ ಎನಿಸಿದವು. ಫೇಲಾದೆ. ಊಟದಿಂದಲೋ, ಹೆದರಿಕೆಯಿಂದಲೋ, ಖಚಿತವಾಗಿ ಹೇಳಲಾರೆ.

ಅವ್ವನಿಗೆ ಸಂಶಯವೇ ಇರಲಿಲ್ಲ. "ನಾನೇ ತಿನ್ಸಿ ಆಳ್ಮಾಡ್ದೆ" ಎಂದಳು. ನಾನು ಮತ್ತೆ ಪರೀಕ್ಷೆ ಬರೆದು ಮುಗಿಸುವವರೆಗೆ ಮನೆಯಲ್ಲಿ ಖಾರ ಅರೆಯಬಾರದೆಂದು ಚಿಕ್ಕವ್ವನಿಗೆ ಕಟ್ಟಪ್ಪಣೆ ಮಾಡಿದಳು. ಸಪ್ಪೆ ಸಾರನ್ನೇ ಉಣ್ಣುತ್ತಾ "ಎಂಗದೆ ಅಂತ ನಾನು ಏಳ್ಲಾ ಅವ್ವ?" ಎಂದು ನಾನಾಗಿ ಕೇಳಿದರೆ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ಎರಡನೇ ಪರೀಕ್ಷೆಗೆ ಮೊದಲೇ ತೀರಿಕೊಂಡಳು.

ಅವಳಿಗೆ ಇಷ್ಟವೆಂದು ತಿಥಿಯ ಎಡೆಗೆ ಉಪ್ಸಾರು, ಖಾರ ಇಟ್ಟರು. ನಮ್ಮಲ್ಲಿ ಎಡೆಯದನ್ನು ಮೊದಲು ಮಕ್ಕಳೇ ಉಣ್ಣಬೇಕು. ಪರೀಕ್ಷೆ ಅದೇ ವಾರದಲ್ಲಿತ್ತು. ನಾನು ಬರಿಯ ಅನ್ನವನ್ನಷ್ಟೇ ಬಾಯಿಗೆ ಹಾಕಿಕೊಂಡೆ.

"ಎತ್ತವ್ವನ ಎಡೆನೂ ಮುಟ್ಟಕಿಲ್ವಲ್ಲ, ಎಂಥಾ ನಾಲ್ಗೆನವ್ವಾ ಇದು!" ಪಂಕ್ತಿಯಲ್ಲಿ ಯಾರೋ ಅಂದರು.

"ಸುಮ್ಕಿರವ್ವ, ಅವ್ಳವ್ವನೇ ಬ್ಯಾಡ ಅಂದಿದ್ಳು," ಎಂದಳು ಚಿಕ್ಕವ್ವ.

ನಿಜ. ಆದರೆ ಅವ್ವ ಬೇಡವೆನ್ನದೆ ಹೋಗಿದ್ದರೂ ಅಂದು ನಾನು ಉಣ್ಣುತ್ತಿರಲಿಲ್ಲ. ಅದು ಎಲೆಯ ಮುಂದೆ ಕೂತಿದ್ದಾಗಲೇ ನನಗೆ ಗೊತ್ತಿತ್ತು.

ಪಾಸಾದೆ. ಈಗ ನಾನು ಹಾಕಿದ ಅಂಕದ ಮೇಲೆ ಕಾಫಿಯ ದರ್ಜೆ ನಿಲ್ಲುತ್ತದೆ. ಪರೀಕ್ಷೆ ಮುಗಿಸಿ ಮನೆಗೆ ಬಂದ ದಿನ ಚಿಕ್ಕವ್ವ ಮತ್ತೆ ಖಾರ ಅರೆದಿದ್ದಳು. ಮೊದಲ ತುತ್ತಿಗೇ ತಲೆ ಅಂಕ ಹಾಕತೊಡಗಿತು: ಉಪ್ಪು ತಡವಾಗಿ ಬರುತ್ತದೆ, ಬೆಳ್ಳುಳ್ಳಿ ಹೆಚ್ಚು, ಹೊಗೆ ಸಾಲದು. ನಿಲ್ಲಿಸಲು ನೋಡಿದೆ, ಆಗಲಿಲ್ಲ.

"ಎಂಗದೆ?" ಚಿಕ್ಕವ್ವ ಎದುರಿಗೆ ಕೂತು ಕೇಳಿದಳು.

"ಚೆನ್ನಾಗದೆ," ಎಂದೆ.

ಇನ್ನೂ ಏನಾದರೂ ಹೇಳುತ್ತೇನೇನೋ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ತನ್ನ ತಟ್ಟೆ ಎಳೆದುಕೊಂಡಳು.