ಮೊಣಕೈ ಕೆಳಗಿನ ಮಚ್ಚೆ

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕುಂಬ್ರದಲ್ಲಿ ಬಸ್ಸಿಳಿದು ಒಳದಾರಿಯಲ್ಲಿ ಅರ್ಧ ಗಂಟೆ ನಡೆದರೆ ಸಿಗುವ ಒಂದು ಸಣ್ಣ ಶಾಲೆಯಲ್ಲಿ ನಾನು ಟೀಚರ್ ಆಗಿದ್ದೆ. ನನ್ನ ಮನೆ ಮಂಡೆಕೋಲಿನಲ್ಲಿ. ದಿನಾ ಹೋಗಿಬರುವ ದೂರವಲ್ಲ. ಹಾಗಾಗಿ ಕುಂಬ್ರದ ಪೇಟೆಯಲ್ಲೇ ಒಂದು ಬ್ಯಾರಿ ಮುಸ್ಲಿಂ ಕುಟುಂಬದ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ರಸ್ತೆಯ ಬದಿಗೆ ಯಜಮಾನರ ಜೀನಸಿನ ಅಂಗಡಿ, ಅದರ ಹಿಂದೆ ಮನೆ. ಯಜಮಾನತಿ ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಒಂದೂವರೆ ವರ್ಷದ ಹೆಣ್ಣುಮಗು. ಸಂಜೆ ನಾನು ಶಾಲೆಯಿಂದ ಬಂದು ಕಾಲು ತೊಳೆಯುವುದರೊಳಗೆ ಆ ಮಗು ತಪ್ಪುಹೆಜ್ಜೆ ಇಡುತ್ತ ನನ್ನ ಹೊಸ್ತಿಲಿಗೆ ಬಂದಾಗಿರುತ್ತಿತ್ತು.

ಗಾಂಧೀಜಿ ತೀರಿಕೊಂಡ ದಿನವೇ ಕುಷ್ಠರೋಗ ನಿವಾರಣಾ ದಿನ. ಶಾಲೆಯಲ್ಲಿ ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ, ಆಮೇಲೆ ಪ್ರತಿಜ್ಞೆ. ಪ್ರತಿಜ್ಞೆ ಓದಿಸುವ ಕೆಲಸ ನನ್ನದು. ಇದು ಪಾಪದ ಫಲ ಅಲ್ಲ, ಔಷಧಿಯಿಂದ ಗುಣವಾಗುತ್ತದೆ, ಕಾಯಿಲೆಯವರನ್ನು ನಾವು ದೂರ ಮಾಡುವುದಿಲ್ಲ ಎಂದು ನಾನು ಹೇಳಿದ್ದನ್ನು ಮಕ್ಕಳು ಗಟ್ಟಿಯಾಗಿ ಹೇಳಿದರು. ಆ ವರ್ಷ ಪುತ್ತೂರಿನಿಂದ ಆರೋಗ್ಯ ಇಲಾಖೆಯ ಕಾರ್ಯಕರ್ತರೊಬ್ಬರು ಸೈಕಲ್ಲಿನಲ್ಲಿ ಬಂದಿದ್ದರು. ನಡುವಯಸ್ಸಿನ ತೆಳ್ಳಗಿನ ಮನುಷ್ಯ. ಮಕ್ಕಳ ಮೈ ಪರೀಕ್ಷೆ ಮಾಡುವ ಮೊದಲು ಅವರ ಹೆದರಿಕೆ ಬಿಡಿಸಬೇಕೆಂದು ನನ್ನನ್ನು ಮುಂದೆ ಕರೆದರು.

"ಟೀಚರ್ ಕಣ್ಣು ಮುಚ್ಚುತ್ತಾರೆ. ನಾನು ಹತ್ತಿಯ ಎಳೆಯಿಂದ ಮುಟ್ಟುತ್ತೇನೆ. ಎಲ್ಲಿ ಮುಟ್ಟಿದೆ ಅಂತ ಅವರು ಬೆರಳಿಟ್ಟು ತೋರಿಸಬೇಕು. ನೀವು ಯಾರೂ ಹೇಳಿಕೊಡುದಿಲ್ಲ ಆಯ್ತಾ?"

ನಾನು ಕಣ್ಣು ಮುಚ್ಚಿ ಎರಡೂ ಕೈ ಚಾಚಿದೆ. ಅಂಗೈಗೆ ಕಚಗುಳಿಯಾಯಿತು, ತೋರಿಸಿದೆ. ಮಣಿಗಂಟು, ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ ಏನೂ ಇಲ್ಲ. ಮುಂದಿನದಕ್ಕೆ ಕಾಯುತ್ತ ನಿಂತೆ. ಮಕ್ಕಳ ಕಡೆಯಿಂದ ಕಿಸಕ್ಕನೆ ನಗು ಕೇಳಿತು. ಯಾರೋ "ಟೀಚರೇ..." ಎಂದರು. ಮತ್ತೆ ಕಾದೆ. ಗಾಳಿಯಷ್ಟೂ ಸೋಕಲಿಲ್ಲ.

"ಎಂತ ಮಕ್ಕಳೇ ನಗುದು?" ಅವರ ಸ್ವರ ಸ್ವಲ್ಪ ಅವಸರದಲ್ಲಿತ್ತು. "ನಾನು ಮುಟ್ಟಿದ ಹಾಗೆ ಮಾಡಿದ್ದು ಮಾತ್ರ, ಮುಟ್ಟಲೇ ಇಲ್ಲ. ನೀವೆಲ್ಲ ಮೋಸ ಹೋದಿರಿ, ಟೀಚರ್ ಹೋಗಲಿಲ್ಲ ನೋಡಿ!"

ಮಕ್ಕಳು ಹೋ ಎಂದರು. ನಾನು ಕಣ್ಣು ಬಿಟ್ಟೆ. ಅವರು ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಹತ್ತಿಯನ್ನು ಮಡಚಿ ಕಿಸೆಗೆ ಹಾಕಿದರು.

ಮಧ್ಯಾಹ್ನ ಹೊರಡುವಾಗ ಕುಡಿಯಲು ನೀರು ಕೇಳಿದರು. ಕೊಟ್ಟೆ. ಹೆಡ್ಮಾಸ್ಟ್ರು ಒಳಗಿದ್ದಾರೆಂದು ಖಚಿತ ಮಾಡಿಕೊಂಡು ಮೆಲ್ಲಗೆ ಹೇಳಿದರು: "ಎಡಗೈಯ ಮೊಣಕೈ ಕೆಳಗೆ, ಹೊರಬದಿಗೆ ಒಂದು ಮಚ್ಚೆ ಉಂಟು ಟೀಚರೇ. ನಾನು ಮೂರು ಸಲ ಮುಟ್ಟಿದ್ದೆ."

"ಅದು ಚಿಬ್ಬು. ಬಿಸಿಲಿಗೆ ಆದದ್ದು."

"ಇರಬಹುದು. ಶನಿವಾರ ಪುತ್ತೂರಿಗೆ ಬನ್ನಿ, ಡಾಕ್ಟ್ರು ನೋಡಲಿ."

"ನಿಮಗೆ ತಪ್ಪಾಗಿದೆ," ಎಂದೆ. ನನ್ನ ಸ್ವರ ಎಷ್ಟು ಒರಟಾಗಿತ್ತೆಂದರೆ ಅವರು ಲೋಟವನ್ನು ಜಗಲಿಯ ಮೇಲಿಟ್ಟು ಸೈಕಲ್ ಹತ್ತಿ ಹೋಗಿಬಿಟ್ಟರು.

ಆ ಶನಿವಾರ ನಾನು ಹೋಗಲಿಲ್ಲ. ಮುಂದಿನ ಶನಿವಾರವೂ ಹೋಗಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯಲ್ಲಿ ಕೈ ತಿರುಗಿಸಿ ನೋಡುತ್ತಿದ್ದೆ. ನಾಲ್ಕಾಣೆ ಪಾವಲಿಗಿಂತ ಸ್ವಲ್ಪ ದೊಡ್ಡದು, ಉಳಿದ ಚರ್ಮಕ್ಕಿಂತ ತುಸು ಬಿಳಿಚಿಕೊಂಡದ್ದು. ಕೊನೆಗೊಂದು ದಿನ ಹೊಲಿಗೆಯ ಸೂಜಿ ತೆಗೆದು ಅಲ್ಲಿ ಚುಚ್ಚಿದೆ. ರಕ್ತದ ಹನಿ ಮೂಡಿತು. ನೋವು ಮಾತ್ರ ಬರಲಿಲ್ಲ. ಆ ಹನಿಯನ್ನು ಸೆರಗಿನಿಂದ ಒರೆಸಿಕೊಂಡೆ. ಆ ಶನಿವಾರ ಪುತ್ತೂರಿನ ಬಸ್ಸು ಹತ್ತಿದೆ.

ಪುತ್ತೂರಿನಲ್ಲಿ ಡಾಕ್ಟ್ರು ಹೇಳಿದ್ದು ಹೆಚ್ಚಿಲ್ಲ. ಒಂದೇ ಮಚ್ಚೆ, ಶುರುವಿನಲ್ಲೇ ಸಿಕ್ಕಿದೆ, ಇನ್ನೊಬ್ಬರಿಗೆ ಹರಡುವ ಬಗೆಯದಲ್ಲ, ಆದರೆ ಮಾತ್ರೆಯನ್ನು ಕೆಲವು ವರ್ಷ ಬಿಡದೆ ತೆಗೆದುಕೊಳ್ಳಬೇಕು. ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಯಾರಾದರೂ ಗುರುತಿಸಿಯಾರೆಂದು ಆ ಕಾರ್ಯಕರ್ತರೇ ತಿಂಗಳಿಗೊಮ್ಮೆ ಮಾತ್ರೆ ತಂದು ಕೊಡುವುದೆಂದಾಯಿತು. ಶಾಲೆಗೆ ಬಂದು ಮಕ್ಕಳ ಹಾಜರಿ ಪುಸ್ತಕ ನೋಡುವ ನೆಪ ಮಾಡಿ, ಪೊಟ್ಟಣವನ್ನು ಅದರೊಳಗೆ ಇಟ್ಟು ಹೋಗುತ್ತಿದ್ದರು. ಅದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ನಾನು ರವಕೆಗಳ ತೋಳನ್ನು ಉದ್ದ ಮಾಡಿಸಿಕೊಂಡೆ. ನನ್ನ ತಟ್ಟೆ ಲೋಟ ಬೇರೆ ಇಟ್ಟೆ. ಕಾಯಿಲೆಯವರನ್ನು ದೂರ ಮಾಡುವುದಿಲ್ಲವೆಂದು ಮಕ್ಕಳಿಂದ ಪ್ರತಿಜ್ಞೆ ಮಾಡಿಸಿದ ನನಗೇ, ಇದು ಹರಡುವುದಿಲ್ಲವೆಂಬ ಡಾಕ್ಟ್ರ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಅಕ್ಕನ ಮಗು ಸಂಜೆ ಹೊಸ್ತಿಲಿಗೆ ಬಂದರೆ ಬಾಗಿಲು ಮುಂದೆ ಮಾಡುತ್ತಿದ್ದೆ. ಅದು ಹೊರಗೆ ಕೂತು ಬಾಗಿಲನ್ನು ಅಂಗೈಯಿಂದ ಬಡಿಯುತ್ತಿತ್ತು. ಅಕ್ಕ ಕಳಿಸಿದ ಅಕ್ಕಿಯ ಪತ್ತಿರಿ ರೊಟ್ಟಿಯನ್ನು ಹೊಟ್ಟೆ ಸರಿಯಿಲ್ಲವೆಂದು ಎರಡು ಸಲ ವಾಪಸು ಕಳಿಸಿದೆ. ಅವರ ಪಾತ್ರೆಯನ್ನು ನನ್ನ ಕೈಯಿಂದ ಮುಟ್ಟಲು ಹೆದರಿಕೆಯಾಗುತ್ತಿತ್ತು.

ಮೂರನೆಯ ಸಲ ಅಕ್ಕ ತಾವೇ ಬಂದರು. ಸೊಂಟದಲ್ಲಿ ಮಗು. ಬಾಗಿಲಲ್ಲೇ ನಿಂತು ಕೇಳಿದರು:

"ಎಂತ ಟೀಚರೇ? ಮಗುವನ್ನು ಮುಟ್ಟುದಿಲ್ಲ, ನಾವು ಕೊಟ್ಟದ್ದು ತಿನ್ನುದಿಲ್ಲ. ನಿಮ್ಮ ಮನೆಯವರು ಯಾರಾದರೂ ಹೇಳಿದ್ರಾ, ಬ್ಯಾರಿಗಳ ಮನೆಯಲ್ಲಿ ತಿನ್ನಬೇಡ ಅಂತ? ಹಾಗಿದ್ರೆ ಮುಖಕ್ಕೆ ಹೇಳಿ. ಮಗುವಿಗೆ ಬಾಗಿಲು ಹಾಕಬೇಡಿ."

ಇಷ್ಟು ದಿನ ನಾನು ಅಡಗಿಸಿಟ್ಟದ್ದು ಅವರ ಕಣ್ಣಿಗೆ ಜಾತಿಯ ಹೇಸಿಗೆಯಾಗಿ ಕಂಡಿತ್ತು. ಹೌದು ಎಂದರೆ ಗುಟ್ಟು ಉಳಿಯುತ್ತಿತ್ತು. ನಾನು ತೋಳನ್ನು ಮೇಲೆ ಸರಿಸಿ ಮಚ್ಚೆ ತೋರಿಸಿದೆ. ಏನೆಂದು, ಮಾತ್ರೆ ಯಾರು ತಂದುಕೊಡುತ್ತಾರೆಂದು ಹೇಳಿದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಮಗುವಿನ ಕಾಲನ್ನು ಒಮ್ಮೆ ನೋಡಿದರು, ಕೈಯನ್ನು ನೋಡಿದರು, ಒಳಗೆ ಹೋದರು.

ಮೂರು ದಿನ ನಮ್ಮೊಳಗೆ ಮಾತಿಲ್ಲ. ಗೋಡೆಯ ಆಚೆ ಪಾತ್ರೆ ಸದ್ದಾದರೂ ನನ್ನನ್ನು ಹೊರಡಲು ಹೇಳುವುದಕ್ಕೆ ಬಂದರೆಂದೇ ಅನಿಸುತ್ತಿತ್ತು. ಪೆಟ್ಟಿಗೆಯಲ್ಲಿ ಬಟ್ಟೆ ಜೋಡಿಸಿಟ್ಟೆ. ನಾಲ್ಕನೆಯ ದಿನ ಸಂಜೆ ನಾನು ಬರುವಾಗ ಅಕ್ಕ ನನ್ನ ಬಾಗಿಲ ಬಳಿ ಕೂತಿದ್ದರು. ನಾನು ಚಪ್ಪಲಿ ಬಿಡುವ ಮೊದಲೇ ಮಗುವನ್ನು ನನ್ನ ತೋಳಿಗೆ ಹಾಕಿದರು.

"ಆ ಸೈಕಲ್ಲಿನವರಲ್ಲಿ ಕೇಳಿದೆ, ಬಸ್ ಸ್ಟ್ಯಾಂಡಿನಲ್ಲಿ. ನನ್ನ ತಂಗಿಗೆ ಹಾಗೆ ಒಂದು ಉಂಟು, ಮಗುವನ್ನು ಎತ್ತಿಕೊಂಡರೆ ಎಂತ ಆಗ್ತದೆ ಅಂತ. ಎಂತದೂ ಆಗುದಿಲ್ಲ ಅಂದ್ರು. ನಿಮ್ಮ ಹೆಸರು ಹೇಳಲಿಲ್ಲ, ಹೆದರಬೇಡಿ."

ನಾನು ಮಗುವನ್ನು ಹಿಡಿದುಕೊಂಡೇ ಅತ್ತೆ. ಅಕ್ಕ ಅಳಲಿಲ್ಲ. "ಪತ್ತಿರಿ ತಣ್ಣಗಾಗ್ತದೆ," ಎಂದರು.

ಆದರೆ ಆ ಬಸ್ ಸ್ಟ್ಯಾಂಡಿನಲ್ಲಿ ಸುಳ್ಯದ ಬಸ್ಸಿಗೆ ಕಾಯುತ್ತಿದ್ದ ಇನ್ನಿಬ್ಬರು ಹೆಂಗಸರಿದ್ದರು. ಅವರು ಕೇಳಿಸಿಕೊಂಡದ್ದು ‘ನನ್ನ ತಂಗಿಗೆ’ ಎಂಬ ಮಾತನ್ನು. ಒಂದು ವಾರದೊಳಗೆ ಕುಂಬ್ರದಲ್ಲೆಲ್ಲ ಸುದ್ದಿ: ಅಂಗಡಿಯ ಬ್ಯಾರಿಗಳ ಮನೆಯಲ್ಲಿ ದೊಡ್ಡ ರೋಗ ಉಂಟಂತೆ. ಸಂಜೆ ಅಂಗಡಿಯ ಬೆಂಚಿನಲ್ಲಿ ಕೂತು ಪೇಪರು ಓದುತ್ತಿದ್ದವರು ಎದುರಿನ ಹೋಟೆಲಿಗೆ ಹೋದರು. ಅಕ್ಕಿ ಬೆಲ್ಲಕ್ಕೆ ಜನ ಕಡಿಮೆಯಾದರು. ಯಜಮಾನರಿಗೆ ಕಾರಣವೇ ತಿಳಿಯದು. ತಿಳಿದಾಗ ಅಕ್ಕನನ್ನು ಕೇಳಿದರು. ಅಕ್ಕ ಅವರಿಗೆ ನಿಜ ಹೇಳಿದರು. ಗೋಡೆಯ ಈಚೆ ನಾನು ಕೇಳಿಸಿಕೊಂಡೆ.

"ನಾನು ಹೋಗಿ ಹೇಳ್ತೇನೆ ಅಕ್ಕ, ನನಗೆ ಅಂತ," ಎಂದೆ.

"ಸುಮ್ಮನಿರಿ ಮಾರಾಯ್ರೆ. ನಿಮ್ಮ ಕೆಲಸ ಹೋಗ್ತದೆ. ಮದುವೆ ಆಗ್ಲಿಕ್ಕೆ ಉಂಟು ನಿಮಗೆ. ಜನ ಎರಡು ತಿಂಗಳು ಮಾತಾಡ್ತಾರೆ, ಬಿಡ್ತಾರೆ."

ನಾನು ಸುಮ್ಮನಾದೆ. ಸುಮ್ಮನಾಗಲು ನನಗೂ ಮನಸ್ಸಿತ್ತು, ಅದನ್ನು ಈಗ ಒಪ್ಪಿಕೊಳ್ಳಬೇಕು. ಸುಳ್ಯದ ಕಡೆಯಿಂದ ಒಂದು ಸಂಬಂಧ ಮಾತಾಡುತ್ತಿದ್ದರು. ದಿನಾ ಬೆಳಿಗ್ಗೆ ಖಾಲಿ ಬೆಂಚಿನ ಎದುರಿನಿಂದಲೇ ತಲೆ ತಗ್ಗಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಮಳೆಗಾಲಕ್ಕೆ ಶಾಲೆ ಶುರುವಾದ ಮೇಲೆ ಒಂದು ದಿನ. ನಾನು ಕೊಡೆ ಬಿಡಿಸಿ ಹೊರಡುತ್ತಿದ್ದೆ. ಊರಿನ ಹಿರಿಯ ಜಮೀನ್ದಾರರಾದ ಗುತ್ತಿನ ಮನೆಯ ಯಜಮಾನರು ಅಂಗಡಿಗೆ ಬಂದಿದ್ದರು. ಅವರ ಮೊಮ್ಮಗಳು ನನ್ನ ತರಗತಿಯಲ್ಲಿದ್ದಳು. ಎದುರಿನ ಹೋಟೆಲಿನ ಜಗಲಿಯಲ್ಲಿ ನಾಲ್ಕೈದು ಜನ ಮಳೆಗೆ ನಿಂತಿದ್ದರು. ಅಂಗಡಿಯವರು ಬೆಂಕಿಪೆಟ್ಟಿಗೆ ತೆಗೆದು ಅವರ ಕೈಗೆ ಚಾಚಿದರು. ಗುತ್ತಿನವರು ಕೈ ಹಿಂದೆ ಕಟ್ಟಿಕೊಂಡರು.

"ಅಲ್ಲಿ ಇಡಿ ಬ್ಯಾರಿಗಳೇ. ನಾನು ತಗೊಳ್ತೇನೆ."

ಹತ್ತು ವರ್ಷದಿಂದ ಅದೇ ಕೈಯಿಂದ ವೀಳ್ಯದೆಲೆ ತೆಗೆದುಕೊಂಡು ತಿಂದವರು ಅವರು. ಅಂಗಡಿಯವರು ಬೆಂಕಿಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟರು. ಅವರ ಮುಖ ನೋಡಿದ್ದು ನಾನೊಬ್ಬಳೇ.

"ಅವರ ಮನೆಯಲ್ಲಿ ಯಾರಿಗೂ ಎಂತದೂ ಇಲ್ಲ," ಎಂದೆ. ನನ್ನ ಸ್ವರ ನನಗೇ ಅಪರಿಚಿತವಾಗಿತ್ತು. "ಆ ಕಾಯಿಲೆ ಇರುದು ನನಗೆ."

ಗುತ್ತಿನವರು ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಏನಿತ್ತೆಂದು ನನಗೆ ಆಗ ತಿಳಿಯಲಿಲ್ಲ. ಬೆಂಕಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಮಳೆಯಲ್ಲಿ ಇಳಿದು ಹೋದರು.

ಮರುದಿನ ನನ್ನ ತರಗತಿಯ ಅರ್ಧ ಬೆಂಚುಗಳು ಖಾಲಿ. ಹೆಡ್ಮಾಸ್ಟ್ರು ನನ್ನನ್ನು ಕರೆದು ರಜೆಯ ಅರ್ಜಿ ಮುಂದಿಟ್ಟರು. ಕೆಟ್ಟ ಮನುಷ್ಯರಲ್ಲ, ಹೆದರಿದ್ದರು.

"ಒಂದೆರಡು ತಿಂಗಳು ಊರಿಗೆ ಹೋಗಿ ಟೀಚರೇ. ಜನ ತಣ್ಣಗಾಗಲಿ."

"ನಾನು ಹೋದ್ರೆ ಅವರು ಹೆದರಿದ್ದೇ ಸರಿ ಅಂತ ಆಗ್ತದೆ ಸರ್. ಬೇಕಾದ್ರೆ ಡಾಕ್ಟ್ರ ಕಾಗದ ತರಿಸ್ತೇನೆ."

ಅವರು ಅರ್ಜಿಯನ್ನು ವಾಪಸು ತೆಗೆದುಕೊಳ್ಳಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಕಾರ್ಯಕರ್ತರು ಡಾಕ್ಟ್ರ ಕಾಗದ ತಂದುಕೊಟ್ಟು, ಮಳೆಯಲ್ಲೇ ಸೈಕಲ್ ತಳ್ಳಿಕೊಂಡು ಮಕ್ಕಳ ಮನೆಮನೆಗೆ ಹೋದರು. ಕೆಲವರು ಅವರನ್ನು ಜಗಲಿಗೂ ಹತ್ತಿಸಲಿಲ್ಲ. ಸುಳ್ಯದ ಸಂಬಂಧ ಆ ವಾರವೇ ಮುರಿಯಿತು. ತಂದೆಯವರ ಪತ್ರದಲ್ಲಿ ಅದರ ಕಾರಣ ಬರೆದಿರಲಿಲ್ಲ.

ಆ ವಾರದಲ್ಲಿಯೇ ಒಂದು ಮಧ್ಯಾಹ್ನ ಅಕ್ಕ ಶಾಲೆಗೆ ಬಂದರು. ತಲೆಗೆ ಬಟ್ಟೆ, ಸೊಂಟದಲ್ಲಿ ಮಗು, ಕೈಯಲ್ಲಿ ಬುತ್ತಿ. ಪೇಟೆಯ ರಸ್ತೆಗೂ ಅಷ್ಟಾಗಿ ಇಳಿಯದ ಹೆಂಗಸು, ಅಷ್ಟು ದೂರ ಕೆಸರಿನಲ್ಲಿ ನಡೆದು ಬಂದಿದ್ದರು. ದಾರಿಗೆ ಕಾಣುವ ಹಾಗೆ ಜಗಲಿಯ ತುದಿಯಲ್ಲೇ ಕೂತು ಒಂದೇ ತಟ್ಟೆಯಲ್ಲಿ ಅನ್ನ ಬಡಿಸಿದರು.

"ಒಳಗೆ ಕೂರುವ ಅಕ್ಕ. ಜನ ನೋಡ್ತಾರೆ."

"ನೋಡ್ಲಿ ಅಂತಲೇ ಬಂದದ್ದು. ಕೈ ಹಾಕಿ."

ಇಬ್ಬರೂ ಆ ತಟ್ಟೆಯಿಂದ ಉಂಡೆವು. ಬೇಲಿಯಾಚೆ ಹುಲ್ಲು ಹೊತ್ತು ಹೋಗುತ್ತಿದ್ದವರು ನಿಂತು ನೋಡಿ ಮುಂದೆ ಹೋದರು. ಅಕ್ಕ ಮಗುವಿನ ಬಾಯಿಗೂ ನನ್ನ ಕೈಯಿಂದಲೇ ಅನ್ನ ಹಾಕಿಸಿದರು. ಆಮೇಲೆ ಶನಿವಾರದವರೆಗೆ ಪ್ರತಿದಿನ ಬಂದರು. ಮುಂದಿನ ವಾರವೂ ಬಂದರು.

ಮಕ್ಕಳು ಒಬ್ಬೊಬ್ಬರಾಗಿ ತಿರುಗಿ ಬಂದರು. ಅಕ್ಕ ಬಂದದ್ದಕ್ಕೋ, ಕಾರ್ಯಕರ್ತರ ಮಾತಿಗೋ, ಮನೆಯಲ್ಲಿ ಮಕ್ಕಳ ಗಲಾಟೆ ತಾಳಲಾರದೆಯೋ ತಿಳಿಯದು. ಇಬ್ಬರು ಮಾತ್ರ ಕೊನೆಗೂ ಬರಲಿಲ್ಲ, ನರಿಮೊಗರಿನ ಶಾಲೆಗೆ ಸೇರಿದರೆಂದು ಕೇಳಿದೆ. ಗುತ್ತಿನ ಮನೆಯ ಮೊಮ್ಮಗಳೂ ಮಳೆ ಇಳಿಮುಖವಾಗುವ ಸೋಣ ತಿಂಗಳವರೆಗೆ ಬಂದಿರಲಿಲ್ಲ. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಆ ಯಜಮಾನರೇ ಬಂದರು. ಮೊಮ್ಮಗಳು ಜೊತೆಯಲ್ಲಿರಲಿಲ್ಲ. ಮೆಟ್ಟಿಲ ಕೆಳಗೇ ನಿಂತರು. ಜಗಳಕ್ಕೆ ಬಂದರೆಂದು ನಾನು ಕಂಬ ಹಿಡಿದು ನಿಂತೆ.

"ಆ ಮಾತ್ರೆ," ಎಂದರು. ಸುತ್ತ ನೋಡಿದರು. "ಅದು ಹಳೆಯದಕ್ಕೂ ಆಗ್ತದಾ?"

"ಎಷ್ಟು ಹಳೆಯದು?"

"ನಮ್ಮ ಮನೆಯವಳಿಗೆ. ಆರೇಳು ವರ್ಷ ಆಯ್ತು. ಬೆರಳು ಮಡಚಿದ್ದು ಬಿಡಿಸ್ಲಿಕ್ಕೆ ಆಗುದಿಲ್ಲ ಈಗ. ಅವಳು ಹೊರಗೆ ಬರುದಿಲ್ಲ. ನಾವೂ ಬಾ ಅಂತ ಹೇಳ್ಲಿಲ್ಲ." ಆಮೇಲೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ನೀವು ಒಮ್ಮೆ ಬರ್ತೀರಾ?" ಎಂದರು.

ಅಂಗಡಿಯ ಎದುರು ಅವರ ಮುಖದಲ್ಲಿ ಕಂಡದ್ದು ಹೆದರಿಕೆ ಎಂದು ನನಗೆ ಆಗ ಹೊಳೆಯಿತು. ಆದರೂ ನನ್ನೊಳಗೆ ಸಿಟ್ಟು ಕುದಿಯಿತು. ಇಷ್ಟು ತಿಳಿದಿದ್ದೂ ಆ ಅಂಗಡಿಯವರ ಕೈಯಿಂದ ಬೆಂಕಿಪೆಟ್ಟಿಗೆ ತೆಗೆದುಕೊಳ್ಳಲಿಲ್ಲವಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಭಾನುವಾರ ಬರುತ್ತೇನೆಂದೆ.

ಕಾರ್ಯಕರ್ತರನ್ನು ಕರೆದುಕೊಂಡು ಹೋದೆ. ಒಳಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು. ಆ ಹೆಂಗಸು ಸೆರಗಿನೊಳಗೆ ಕೈ ಅಡಗಿಸಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದರು. ಅರ್ಧ ಗಂಟೆ ಯಾರು ಕರೆದರೂ ತಿರುಗಲಿಲ್ಲ. ನಾನು ಹತ್ತಿರ ಕೂತು ನನ್ನ ತೋಳು ಸರಿಸಿ ಮಚ್ಚೆ ತೋರಿಸಿದೆ. ಅವರು ಅದನ್ನು ನೋಡಿ, ನನ್ನ ಮುಖ ನೋಡಿ, ತುಳುವಿನಲ್ಲಿ ಕೇಳಿದ್ದು ಒಂದೇ: ಇದನ್ನಿಟ್ಟುಕೊಂಡು ನೀನು ಮಕ್ಕಳ ಎದುರು ನಿಲ್ಲುತ್ತೀಯಾ?

"ನಿಲ್ತೇನೆ," ಎಂದೆ. ಅವರು ಸೆರಗಿನಿಂದ ಕೈ ತೆಗೆದು ನನ್ನ ಮಡಿಲಲ್ಲಿಟ್ಟರು.

ಅವರ ಬೆರಳು ನೆಟ್ಟಗಾಗಲಿಲ್ಲ, ಅಷ್ಟು ತಡವಾಗಿತ್ತು. ಆದರೆ ಕಾಯಿಲೆ ಅಲ್ಲಿಗೇ ನಿಂತಿತು, ಮರುವರ್ಷ ಅವರು ಜಗಲಿಗೆ ಬಂದು ಕೂರತೊಡಗಿದರು. ಮೊಮ್ಮಗಳು ಶಾಲೆಗೆ ಬಂದಳು. ಗುತ್ತಿನವರು ಅಂಗಡಿಗೂ ಮತ್ತೆ ಹೋಗತೊಡಗಿದರು. ಅಂಗಡಿಯವರಲ್ಲಿ ಕ್ಷಮೆ ಕೇಳಿದರೋ ಇಲ್ಲವೋ ನನಗೆ ತಿಳಿಯದು. ಅಕ್ಕ ಆ ವಿಷಯ ಎತ್ತಲು ಬಿಡುತ್ತಿರಲಿಲ್ಲ. ನನ್ನ ಮಾತ್ರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮುಗಿಯಿತು. ಆಮೇಲೆ ಕಡಬದ ಕಡೆಗೆ ವರ್ಗವಾಯಿತು. ಹೊರಡುವ ದಿನ ಅಕ್ಕನ ಮಗಳು ಒಂದನೆಯ ತರಗತಿಯ ಸ್ಲೇಟು ಹಿಡಿದುಕೊಂಡು ಬಸ್ಸಿನ ಮೆಟ್ಟಿಲವರೆಗೆ ಬಂದಳು, ಕಂಡಕ್ಟರ್ ಸೀಟಿ ಊದಿದರೂ ನನ್ನ ಕೈ ಬಿಡಲಿಲ್ಲ.