ಕಂಡಕ್ಟರಮ್ಮನ ಕಾಲು, ಚಿಕ್ಕಮ್ಮನ ಕುರ್ಚಿ

ಓಯ್, ಆ ಬದಿಯ ಬಾಲ್ಕನಿಯವರೇ, ಈ ಬದಿಯ ಅಂಗಡಿಯವರೇ, ಒಂದು ನಿಮಿಷ ಕಿವಿ ಇತ್ತ ಕೊಡಿ! ಇವತ್ತು ನಮ್ಮ ಚಿಕ್ಕಮ್ಮನ ಕಥೆ.

ಮನೆಯಲ್ಲಿ ನಾವು ಅವಳಿಗಿಟ್ಟ ಹೆಸರು ‘ಅಲ್ಲಾಡಬೇಡಿ’. ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷದಿಂದ ಸ್ಕ್ಯಾನ್ ತೆಗೆಯುವವಳು. ನನ್ನ ಕೂದಲು ಕತ್ತರಿಸುವಾಗಲೂ ಅವಳ ಬಾಯಲ್ಲಿ ಅದೇ ಮಾತು.

ಆ ಆಸ್ಪತ್ರೆಗೆ ಕ್ಯಾನ್ಸರ್ ಗಡ್ಡೆಗೆ ಕಿರಣ ಕೊಡುವ ಹೊಸ ಯಂತ್ರ ಬಂದಿತ್ತು. ದೊಡ್ಡ ಊರುಗಳಲ್ಲಿ ಯಂತ್ರವೇ ರೋಗಿಯ ಸುತ್ತ ತಿರುಗುತ್ತದೆ; ಅದರ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇದು ಅಗ್ಗದ್ದು. ಯಂತ್ರ ನಿಂತಲ್ಲೇ ನಿಂತಿರುತ್ತದೆ, ರೋಗಿ ಕುಳಿತ ಕುರ್ಚಿ ತಿರುಗುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಗಡ್ಡೆ ಎಲ್ಲಿದೆಯೆಂದು ಚಿತ್ರ ಬರಬೇಕು. ಚಿತ್ರ ಕಲಸಿಹೋದರೆ ಕಿರಣವಿಲ್ಲ.

ಮೊದಲು ಬಂದವರದೆಲ್ಲ ಸರಿಯಾಯಿತು. ಆಮೇಲೆ ಬಂದರು ಬಸ್ ಕಂಡಕ್ಟರಮ್ಮ. ಶ್ವಾಸಕೋಶದಲ್ಲಿ ಗಡ್ಡೆ. ಎರಡು ದಿನವೂ ಚಿತ್ರ ಮಸುಕು. ಮೂರನೆಯ ದಿನವೂ ಹೀಗೇ ಆದರೆ ದೂರದ ಆಸ್ಪತ್ರೆಗೆ ಕಳಿಸುವುದೆಂದು ಡಾಕ್ಟರ್ ಹೇಳಿದ್ದರು. ಅಲ್ಲಿ ಸರದಿ ಬರಲು ಮೂರು ತಿಂಗಳು. ಗಡ್ಡೆ ಅಷ್ಟು ದಿನ ಸುಮ್ಮನಿರುತ್ತದೆಯೇ? ಮೂರನೆಯ ದಿನ ಮೊದಲ ಸುತ್ತೂ ಮಸುಕೇ ಬಂತು.

“ಕಂಪ್ಯೂಟರ್‌ದೇ ತಪ್ಪು ಮೇಡಂ, ಪ್ರೋಗ್ರಾಮ್ ತಿದ್ದೋಕೆ ಹದಿನೈದು ದಿನ ಬೇಕು,” ಎಂದು ಎಂಜಿನಿಯರ್ ತಲೆ ಕೆರೆದುಕೊಂಡ.

ಚಿಕ್ಕಮ್ಮ ಪರದೆ ಬಿಟ್ಟು ಗಾಜಿನಾಚೆ ನೋಡಿದಳು. ಕುರ್ಚಿ ಖಾಲಿಯಾಗಿಲ್ಲ, ಇನ್ನೂ ಮೆಲ್ಲಗೆ ತಿರುಗುತ್ತಿದೆ. ಕಂಡಕ್ಟರಮ್ಮನ ಎರಡೂ ಕಾಲು ಅಗಲವಾಗಿ, ಹಿಮ್ಮಡಿ ಕಾಲಿಡುವ ಹಲಗೆಗೆ ಒತ್ತಿಕೊಂಡಿದೆ.

“ಅಮ್ಮಾ, ಎದೆಗೆ ಬೆಲ್ಟ್ ಇದೆಯಲ್ಲ, ಕಾಲು ಯಾಕೆ ಹಾಗೆ ಊರ್ತೀರಾ?”

“ತಿರುವಲ್ಲಿ ಬೀಳಬಾರದಲ್ಲ! ಹತ್ತೊಂಬತ್ತು ವರ್ಷ ನಿಂತೇ ಟಿಕೆಟ್ ಕೊಟ್ಟಿದೀನಿ. ನಂಗೆ ಗೊತ್ತೇ ಆಗಲ್ಲ ಕಣಮ್ಮ, ಕಾಲೇ ಮಾಡಿಬಿಡುತ್ತೆ.”

ಕುರ್ಚಿ ಒಂದು ಕಡೆ ತಿರುಗಿದರೆ ಅವರ ಮೈ ಬೆಲ್ಟಿನೊಳಗೇ ಇನ್ನೊಂದು ಕಡೆ ವಾಲುತ್ತಿತ್ತು. ಬೆರಳಗಲ, ಅಷ್ಟೇ. ಚಿತ್ರ ಕಲಸಿಹೋಗಲು ಅಷ್ಟು ಸಾಕಾಗಿತ್ತು.

ಚಿಕ್ಕಮ್ಮ ಕಾಲಿನ ಹಲಗೆ ತೆಗೆಸಿದಳು. ಮಂಡಿಯಡಿ ದಿಂಬಿಟ್ಟು, ಕಾಲುಗಳಿಗೆ ಬಟ್ಟೆಯ ಪಟ್ಟಿ ಸುತ್ತಿದಳು.

“ಇವತ್ತು ನೀವು ಕಂಡಕ್ಟರ್ ಅಲ್ಲ, ಪ್ಯಾಸೆಂಜರ್. ಕಿಟಕಿ ಸೀಟು ಸಿಕ್ಕಿದೆ, ಒರಗಿ ಕೂತ್ಕೊಳ್ಳಿ.”

“ಟಿಕೆಟೇ ತಗೊಂಡಿಲ್ವಲ್ಲ ನಾನು?”

“ಇಳಿಯೋವಾಗ ಕೇಳ್ತೀನಿ. ಈಗ ಅಲ್ಲಾಡಬೇಡಿ!”

ಕುರ್ಚಿ ಒಂದು ಸುತ್ತು ಬಂತು. ಪರದೆಯ ಮೇಲೆ ಪಕ್ಕೆಲುಬುಗಳು ಎಣಿಸುವಷ್ಟು ಸ್ಪಷ್ಟ. ಅವುಗಳ ಹಿಂದೆ, ಅಂಚು ಸಮೇತ, ಗಡ್ಡೆ. ಡಾಕ್ಟರ್ ಬಹಳ ಹೊತ್ತು ನೋಡಿ, “ಶುರು ಮಾಡಿ,” ಎಂದರು. ಎಂಜಿನಿಯರ್ ಕಂಪ್ಯೂಟರಿನ ತಲೆ ಸವರಿದ.

ಸಂಜೆ ಎಲ್ಲರೂ ಹೋದ ಮೇಲೆ ಚಿಕ್ಕಮ್ಮ ಹೊಸ ರೋಗಿಗಳ ಫಾರಂ ಕಟ್ಟು ಎಳೆದುಕೊಂಡಳು. ಹೆಸರು, ವಯಸ್ಸು, ತೂಕ ಎಲ್ಲ ಅಚ್ಚಾಗಿತ್ತು. ಅದರ ಕೆಳಗೆ, ಒಂದೊಂದು ಹಾಳೆಯ ಮೇಲೂ, ಪೆನ್ನಿನಲ್ಲಿ ಬರೆಯುತ್ತಾ ಹೋದಳು: “ನೀವು ಮಾಡುವ ಕೆಲಸ ಏನು?”